ಹುಳುಗಳ ಹಿಂಡು ಎದುರಾದರೆ ಏನು ಮಾಡಬೇಕು, ಏನು ಮಾಡಲೇಬಾರದು: ಸಮಗ್ರ ಮಾರ್ಗದರ್ಶಿ

ಬಿಸಿಲೂ ಮಳೆಯೂ ಜೋರಾಗಿರುವ ಊರಿನಲ್ಲಿ ಇದ್ದ ಮೇಲೆ ಹುಳುಗಳ ಹಿಂಡು ಎದುರಾಗುವುದು ತಪ್ಪಿದ್ದಲ್ಲ. ಮಳೆ ನಿಂತ ಸಂಜೆ ಬಲ್ಬಿನ ಸುತ್ತ ಸಾವಿರಾರು ರೆಕ್ಕೆಗಳು. ಕೆರೆ ಪಕ್ಕದ ರಸ್ತೆಯಲ್ಲಿ ತಲೆಯ ಮೇಲೇ ಸುತ್ತುವ ಗುಂಗುರು. ಒಂದು ಮಧ್ಯಾಹ್ನ ಇದ್ದಕ್ಕಿದ್ದಂತೆ ಗೇಟಿನ ಪಕ್ಕದ ಕೊಂಬೆಗೆ ಜೋತುಬಿದ್ದ ಜೇನಿನ ಗೊಂಚಲು. ನೋಡಿದ ತಕ್ಷಣ ಕೈಗೆ ಸಿಕ್ಕಿದ್ದನ್ನು ಹಿಡಿದು ಹೊಡೆಯೋಣ ಅನ್ನಿಸುತ್ತದೆ, ಅಲ್ವಾ? ಅಲ್ಲೇ ಎಡವಟ್ಟು ಆಗುವುದು.

ಈ ಹಿಂಡುಗಳಲ್ಲಿ ಹೆಚ್ಚಿನವು ನಮಗೆ ಏನೂ ಮಾಡುವುದಿಲ್ಲ, ಸುಮ್ನೆ ಬಿಟ್ಟರೆ ತಾವಾಗಿಯೇ ಹೋಗುತ್ತವೆ. ಜನ ತೊಂದರೆಗೆ ಸಿಕ್ಕಿಕೊಳ್ಳುವುದು ಎಷ್ಟೋ ಸಲ ಕಲ್ಲು ಹೊಡೆದಾಗ, ಹೊಗೆ ಹಾಕಿದಾಗ, ಮೈಮೇಲೆ ಕೂತ ಹುಳುವನ್ನು ಉಜ್ಜಿದಾಗ. ಯಾವ ಹುಳು ಅಂತ ಗೊತ್ತಾಗುವ ತನಕ ಕೈ ಎತ್ತಬೇಡಿ. ಮುಂದಿನದೆಲ್ಲ ಈ ಒಂದು ಮಾತಿನ ಮೇಲೆ ನಿಂತಿದೆ.

ಮೊದಲ ಹೆಜ್ಜೆ: ನಿಂತು ನೋಡಿ

ನಾಲ್ಕು ವಿಷಯ ನೋಡಿದರೆ ಸಾಕು. ಹೊತ್ತು ಯಾವುದು? ಬೆಳಕಿಗೆ ಬಂದಿವೆಯಾ, ಇಲ್ಲವಾ? ಹಾರುತ್ತಿವೆಯಾ, ಒಂದೇ ಕಡೆ ಗುಂಪಾಗಿ ಕೂತಿವೆಯಾ? ಸದ್ದು ಹೇಗಿದೆ?

ಕತ್ತಲಾಗುವ ಹೊತ್ತಿಗೆ, ಮಳೆ ಬಿದ್ದ ಮೇಲೆ, ದೀಪದ ಸುತ್ತ ತೂರಾಡಿಕೊಂಡು ಹಾರುತ್ತ ನೆಲಕ್ಕೆ ಬಿದ್ದು ರೆಕ್ಕೆ ಉದುರಿಸುತ್ತಿದ್ದರೆ ಅದು ಮಳೆಹುಳು, ಅಂದರೆ ರೆಕ್ಕೆ ಬಂದ ಗೆದ್ದಲು. ಸಂಜೆ ಬಯಲಿನಲ್ಲಿ ಕಂಬದಂತೆ ಎದ್ದು ಒಂದೇ ಜಾಗದಲ್ಲಿ ಮೇಲೆ ಕೆಳಗೆ ಆಡುತ್ತಿದ್ದರೆ ಗುಂಗುರು ಅಥವಾ ಗಂಡು ಸೊಳ್ಳೆಗಳು. ಹಗಲಿನಲ್ಲಿ ದೊಡ್ಡದಾಗಿ ಗುಂಯ್‌ಗುಟ್ಟುತ್ತ ಒಂದು ದಿಕ್ಕಿಗೆ ಸಾಗುತ್ತಿದ್ದರೆ, ಇಲ್ಲವೇ ಕೊಂಬೆ, ಕಟ್ಟೆ, ಕಿಟಕಿಯ ಸಜ್ಜದಲ್ಲಿ ಗೊಂಚಲಾಗಿ ಕೂತಿದ್ದರೆ ಜೇನು. ಜೇನು ಅಂತ ಅನುಮಾನ ಬಂದರೂ ಸಾಕು, ಉಳಿದದ್ದನ್ನು ದೂರ ನಿಂತು ಯೋಚಿಸಿ.

ಮಳೆಹುಳು ಬಂದರೆ: ದೀಪ ಆರಿಸಿ, ಕಾಯಿರಿ

ಇವಕ್ಕೆ ಕಚ್ಚುವುದು ಗೊತ್ತಿಲ್ಲ, ಚುಚ್ಚುವುದೂ ಇಲ್ಲ. ವರ್ಷವೆಲ್ಲ ಮಣ್ಣೊಳಗಿದ್ದ ಗೂಡು, ಗಾಳಿ ನಿಂತು ತೇವ ಹೆಚ್ಚಾದ ಸಂಜೆ ನೋಡಿ ತನ್ನ ರೆಕ್ಕೆ ಬಂದ ಗಂಡು ಹೆಣ್ಣುಗಳನ್ನೆಲ್ಲ ಒಟ್ಟಿಗೆ ಹೊರಗೆ ಬಿಡುತ್ತದೆ. ಹೊಸ ಗೂಡು ಕಟ್ಟಲು ಹೊರಟವು ಇವು. ಹಾರಾಟ ಹೆಚ್ಚೆಂದರೆ ಒಂದು ಗಂಟೆಯ ಆಸುಪಾಸು. ಹಲ್ಲಿ, ಕಪ್ಪೆ, ಹಕ್ಕಿ, ಇರುವೆಗಳ ಬಾಯಿ ತಪ್ಪಿಸಿಕೊಂಡು ಗೂಡು ಕಟ್ಟುವ ಜೋಡಿಗಳು ಬಹಳ ಕಮ್ಮಿ.

ಹಾಗಾಗಿ ಮಾಡಬೇಕಾದ್ದು ಇಷ್ಟೇ. ಮೊದಲು ಹೊರಗಿನ ದೀಪ ಆರಿಸಿ, ಆಮೇಲೆ ಒಳಗಿನದು. ಕಿಟಕಿ ಬಾಗಿಲು ಹಾಕಿ, ಬಾಗಿಲ ಕೆಳಗಿನ ಸಂದಿಗೆ ಒದ್ದೆ ಬಟ್ಟೆ ಇಡಿ. ತೀರಾ ಕತ್ತಲಲ್ಲಿ ಕೂರಲು ಆಗದಿದ್ದರೆ ರಸ್ತೆಗೆ ಕಾಣದ ಒಳಕೋಣೆಯಲ್ಲಿ ಒಂದು ಸಣ್ಣ ಹಳದಿ ದೀಪ ಇರಲಿ. ಬಿಳಿ, ನೀಲಿ ಬೆಳಕಿಗೆ ಬರುವಷ್ಟು ಹುಳುಗಳು ಹಳದಿ ಬೆಳಕಿಗೆ ಬರುವುದಿಲ್ಲ. ಫ್ಯಾನ್ ಜೋರಾಗಿ ಹಾಕಿ. ಮಳೆಹುಳು ಹಾರುವುದರಲ್ಲಿ ಬಡಪಾಯಿ, ಗಾಳಿಗೆ ಎದುರು ನಿಲ್ಲಲಾರದು. ಆದರೆ ಆಗಲೇ ಕೋಣೆಯ ತುಂಬ ನುಗ್ಗಿದ್ದರೆ ಫ್ಯಾನ್ ಬೇಡ, ರೆಕ್ಕೆಗಳು ಎಲ್ಲೆಡೆ ಹರಡುತ್ತವೆ. ಅಂಗಳದ ದೂರದ ಮೂಲೆಯಲ್ಲಿ ಒಂದು ದೀಪ ಹಚ್ಚಿ ಅದರ ಕೆಳಗೆ ಅಗಲ ಬಾಯಿಯ ಪಾತ್ರೆಯಲ್ಲಿ ನೀರಿಟ್ಟರೆ ಹಿಂಡು ಅತ್ತ ಹೋಗುತ್ತದೆ.

ದೀಪ ಆರಿಸುವುದು ಯಾಕೆ ಇಷ್ಟು ಚೆನ್ನಾಗಿ ಕೆಲಸ ಮಾಡುತ್ತದೆ ಅನ್ನುವುದಕ್ಕೆ ಈಗ ಒಳ್ಳೆಯ ವಿವರಣೆ ಇದೆ. ಹುಳುಗಳಿಗೆ ಬೆಳಕಿನ ಆಸೆ ಅಂತ ನಾವೆಲ್ಲ ಅಂದುಕೊಂಡಿದ್ದೆವು. 2024ರಲ್ಲಿ ಬಂದ ಒಂದು ಅಧ್ಯಯನದಲ್ಲಿ ಹೈಸ್ಪೀಡ್ ಕ್ಯಾಮೆರಾ ಇಟ್ಟು ನೋಡಿದಾಗ ಕಂಡದ್ದು ಬೇರೆ. ಹಾರುವ ಹುಳು ತನ್ನ ಬೆನ್ನನ್ನು ಬೆಳಕಿನ ಕಡೆ ತಿರುಗಿಸಿಕೊಳ್ಳುತ್ತದೆ. ರಾತ್ರಿಯ ಆಕಾಶ ನೆಲಕ್ಕಿಂತ ಬೆಳ್ಳಗಿರುವುದರಿಂದ ಮೇಲು ಯಾವುದು ಕೆಳಗು ಯಾವುದು ಅಂತ ತಿಳಿಯಲು ಅದಕ್ಕೆ ಇದೇ ದಾರಿ. ಹತ್ತಿರ ಒಂದು ಬಲ್ಬ್ ಉರಿದರೆ ಲೆಕ್ಕ ತಪ್ಪುತ್ತದೆ. ಬೆನ್ನು ಬಲ್ಬಿಗೆ ಕೊಟ್ಟು ವಾಲುತ್ತ ವಾಲುತ್ತ ಅದನ್ನೇ ಸುತ್ತುತ್ತದೆ, ಬಿಡಿಸಿಕೊಳ್ಳಲು ಆಗುವುದಿಲ್ಲ. ದೀಪ ಆರಿಸಿದರೆ ನಮಗೂ ಬಿಡುಗಡೆ, ಅದಕ್ಕೂ ಬಿಡುಗಡೆ.

ಸ್ಪ್ರೇ ಹೊಡೆಯಬೇಡಿ ಅಂತ ಒತ್ತಿ ಹೇಳುತ್ತೇನೆ. ಹಾರುತ್ತಿರುವ ಹಿಂಡಿಗೆ ಡಬ್ಬಿ ಖಾಲಿ ಮಾಡಿದರೂ ಹೊರಗಿಂದ ಬರುವುದು ನಿಲ್ಲುವುದಿಲ್ಲ, ಆ ಮಂಜು ಮಾತ್ರ ಮುಚ್ಚಿದ ಕೋಣೆಯಲ್ಲಿ ಮಕ್ಕಳ ಮೂಗಿಗೆ ಹೋಗುತ್ತದೆ. ಉಬ್ಬಸ ಇರುವವರು ಮನೆಯಲ್ಲಿದ್ದರೆ ಅದೇ ದೊಡ್ಡ ಅಪಾಯ.

ಬೆಳಗ್ಗೆ ಎದ್ದರೆ ನೆಲದ ತುಂಬ ರೆಕ್ಕೆ. ಒಣ ಪೊರಕೆ ತಾಗಿಸಿದರೆ ಮೇಲೆದ್ದು ಹಾರುತ್ತವೆ, ಸ್ವಲ್ಪ ನೀರು ಚಿಮುಕಿಸಿ ಆಮೇಲೆ ಗುಡಿಸಿ. ಗುಡಿಸುವ ಮುಂಚೆ ಒಂದು ನಿಮಿಷ ಬಗ್ಗಿ ನೋಡುವುದು ಒಳ್ಳೆಯದು. ರೆಕ್ಕೆ ಕಳಚಿದ ಎರಡೆರಡು ಹುಳುಗಳು ರೈಲಿನ ಬೋಗಿಗಳಂತೆ ಒಂದರ ಹಿಂದೆ ಒಂದು ಅಂಟಿಕೊಂಡು ಗೋಡೆಯ ಬುಡ ಹಿಡಿದು ನಡೆಯುತ್ತಿರುತ್ತವೆ. ಮುಂದಿನದು ಹೆಣ್ಣು, ಹಿಂದಿನದು ಗಂಡು. ಅವು ಹುಡುಕುತ್ತಿರುವುದು ಮಣ್ಣಿನ ಅಥವಾ ಮರದ ಬಿರುಕು. ಅವನ್ನು ಗುಡಿಸಿ ಹೊರಗೆ ಹಾಕಿ, ಆ ಬಿರುಕನ್ನು ಮುಚ್ಚಿ.

ಮನೆಗೆ ಗೆದ್ದಲು ಹತ್ತಿದೆಯಾ ಅಂತ ತಿಳಿಯುವುದು

ಹೊರಗಿಂದ ದೀಪಕ್ಕೆ ಬಂದ ಮಳೆಹುಳು ನೋಡಿ ಗಾಬರಿ ಬೇಡ. ಅದರಿಂದ ನಿಮ್ಮ ಮನೆಗೆ ಗೆದ್ದಲು ಹಿಡಿದಿದೆ ಅಂತ ಆಗುವುದಿಲ್ಲ. ನೋಡಬೇಕಾದ್ದು ಅವು ಎಲ್ಲಿಂದ ಹೊರಟವು ಅನ್ನುವುದು. ಬಾಗಿಲ ಚೌಕಟ್ಟು, ಗೋಡೆಯ ಬಿರುಕು, ನೆಲದ ಸಂದಿಯಿಂದಲೇ ಹೊರಬರುತ್ತಿದ್ದರೆ, ಅಥವಾ ಕಿಟಕಿ ಎಲ್ಲ ಮುಚ್ಚಿದ್ದರೂ ಒಳಗೆ ರೆಕ್ಕೆಯ ರಾಶಿ ಕಂಡರೆ, ಗೆದ್ದಲು ಕಟ್ಟಡಕ್ಕೇ ಹತ್ತಿದೆ. ಗೋಡೆಯ ಮೇಲೆ ಪೆನ್ಸಿಲ್ ದಪ್ಪದ ಮಣ್ಣಿನ ಕೊಳವೆ ಹತ್ತಿರುವುದು, ಮರಕ್ಕೆ ತಟ್ಟಿದರೆ ಟೊಳ್ಳು ಸದ್ದು ಬರುವುದು, ಇವೂ ಗುರುತು. ಆಗ ಗೆದ್ದಲು ಔಷಧಿ ಹಾಕುವ ಕೆಲಸ ಗೊತ್ತಿರುವವರನ್ನು ಕರೆಸಿ. ಕಂಡ ಕೊಳವೆ ಒಡೆದು ಹಾಕಿ ಸುಮ್ಮನಾದರೆ ಅವು ಪಕ್ಕದಲ್ಲೇ ಇನ್ನೊಂದು ಕಟ್ಟುತ್ತವೆ.

ರೆಕ್ಕೆ ಇರುವೆಯೂ ಹೀಗೇ ಮಳೆಗೆ ಏಳುತ್ತದೆ, ಎರಡನ್ನೂ ಬೆರೆಸಬೇಡಿ. ಇರುವೆಗೆ ನಡು ಸಣ್ಣ, ಮೀಸೆ ಮಡಚಿದ ಮೊಣಕೈಯಂತೆ, ಮುಂದಿನ ರೆಕ್ಕೆ ದೊಡ್ಡದು ಹಿಂದಿನದು ಚಿಕ್ಕದು. ಗೆದ್ದಲಿಗೆ ನಡು ದಪ್ಪ, ಮೀಸೆ ನೆಟ್ಟಗೆ, ನಾಲ್ಕೂ ರೆಕ್ಕೆ ಒಂದೇ ಉದ್ದ.

ಕಿತ್ತಳೆ ಕಪ್ಪು ಪಟ್ಟೆಯ ಸಣ್ಣ ಹುಳು: ಉಜ್ಜಬೇಡಿ

ದೀಪಕ್ಕೆ ಬರುವ ಹಿಂಡಿನಲ್ಲಿ ನಿಜಕ್ಕೂ ಹುಷಾರಾಗಿರಬೇಕಾದ ಹುಳು ಇದು. ಉದ್ದ ಒಂದು ಸೆಂಟಿಮೀಟರಿಗೂ ಕಮ್ಮಿ, ನೋಡಲು ಇರುವೆಯ ಹಾಗೆ, ತಲೆ ಕಪ್ಪು, ಎದೆ ಕಿತ್ತಳೆ, ನಡುವೆ ಕಪ್ಪುನೀಲಿ ಹೊಳಪಿನ ಗಿಡ್ಡ ಕವಚ, ಆಮೇಲೆ ಮತ್ತೆ ಕಿತ್ತಳೆ, ತುದಿ ಕಪ್ಪು. ನಡೆಯುವಾಗ ಬಾಲ ಮೇಲೆತ್ತುತ್ತದೆ. ವಿಜ್ಞಾನದಲ್ಲಿ ಪೀಡೆರಸ್ ಅಂತ ಹೆಸರು, ಆಸಿಡ್ ಹುಳು ಅನ್ನುವವರೂ ಇದ್ದಾರೆ.

ಇದು ಕಚ್ಚುವುದಿಲ್ಲ. ಇದರ ಮೈಯೊಳಗಿನ ರಸದಲ್ಲಿ ಪೆಡೆರಿನ್ ಅನ್ನುವ ವಿಷ ಇದೆ. ಕತ್ತಿನ ಮೇಲೆ ಏನೋ ಹರಿದಾಡಿತು ಅಂತ ನಾವು ಅಂಗೈಯಿಂದ ಒರೆಸಿದಾಗ ಹುಳು ಒಡೆದು ರಸ ಚರ್ಮಕ್ಕೆ ಹತ್ತುತ್ತದೆ. ಆಗ ಏನೂ ಗೊತ್ತಾಗುವುದಿಲ್ಲ. ಒಂದೆರಡು ದಿನದ ಒಳಗೆ ಉದ್ದ ಗೆರೆಯಾಗಿ ಕೆಂಪಗೆ ಉರಿದು ನೀರುಗುಳ್ಳೆ ಏಳುತ್ತದೆ. ಒರೆಸಿದ ಕೈ ಯಾವ ದಿಕ್ಕಿಗೆ ಹೋಗಿತ್ತೋ ಗೆರೆಯೂ ಅದೇ ದಿಕ್ಕಿಗೆ. ಮೊಣಕೈ ಮಡಿಕೆಯಲ್ಲಿ ಆದರೆ ಎದುರುಬದುರು ಎರಡು ಗಾಯ ಆಗುತ್ತದೆ. ಅದೇ ಕೈ ಕಣ್ಣಿಗೆ ಹೋದರೆ ರೆಪ್ಪೆ ಊದಿಕೊಂಡು ಮುಚ್ಚುತ್ತದೆ. ಆಫ್ರಿಕಾದಲ್ಲಿ ಇದಕ್ಕೆ ನೈರೋಬಿ ಕಣ್ಣು ಅನ್ನುವ ಹೆಸರೇ ಇದೆ.

ಮೈಮೇಲೆ ಕಂಡರೆ ಊದಿ ಹಾರಿಸಿ, ಇಲ್ಲವೇ ಒಂದು ಕಾಗದ ಮುಂದಿಟ್ಟು ಹತ್ತಿಸಿಕೊಂಡು ಕೊಡವಿ. ತಪ್ಪಿ ಒರೆಸಿಬಿಟ್ಟಿದ್ದರೆ ಆ ಜಾಗ ಮತ್ತು ಕೈ ಎರಡನ್ನೂ ಕೂಡಲೇ ಸೋಪು ಹಾಕಿ ಹರಿಯುವ ನೀರಿನಲ್ಲಿ ತೊಳೆಯಿರಿ. ತೊಳೆಯುವ ತನಕ ಮುಖ ಮುಟ್ಟಬೇಡಿ. ಬಟ್ಟೆಗೆ ತಾಗಿದ್ದರೆ ಅದನ್ನೂ ಒಗೆಯಿರಿ. ಗುಳ್ಳೆ ಎದ್ದರೆ ಒಡೆಯಬೇಡಿ, ತಣ್ಣೀರಿನ ಬಟ್ಟೆ ಇಡಿ, ಡಾಕ್ಟರಿಗೆ ತೋರಿಸಿ. ಕಣ್ಣಿಗೆ ಆದರೆ ಕಾಯದೆ ಹೋಗಿ. ಈ ಹುಳುಗಳ ಕಾಲದಲ್ಲಿ ಟ್ಯೂಬ್‌ಲೈಟಿನ ನೇರ ಕೆಳಗೆ ಮಲಗಬೇಡಿ. ಮಂಚ ಜರುಗಿಸಿ, ಸೊಳ್ಳೆಪರದೆ ಕಟ್ಟಿ, ಮಲಗುವ ಮುಂಚೆ ಹೊದಿಕೆ ಒಮ್ಮೆ ಕೊಡವಿ.

ತಲೆಯ ಮೇಲಿನ ಗುಂಗುರು, ಕಣ್ಣಿಗೆ ಬಿದ್ದ ಹುಳು

ಕೆರೆ, ಮೋರಿ, ನಿಂತ ನೀರಿನ ಪಕ್ಕ ಸಂಜೆ ಏಳುವ ಈ ಮೋಡ ಹೆಚ್ಚಾಗಿ ಗಂಡುಹುಳುಗಳ ಗುಂಪು. ಹೆಣ್ಣು ಬರಲಿ ಅಂತ ಅವು ಕಾಯುವುದು ಸುತ್ತಮುತ್ತಲಿನಲ್ಲಿ ಎದ್ದು ಕಾಣುವ ವಸ್ತುವಿನ ಮೇಲೆ: ಒಂದು ಪೊದೆ, ಕಂಬ, ಬಯಲಿನಲ್ಲಿ ನೀವೊಬ್ಬರೇ ನಿಂತಿದ್ದರೆ ನಿಮ್ಮ ತಲೆ. ಅದಕ್ಕೇ ನೀವು ನಡೆದರೂ ಹಿಂದೆಯೇ ಬಂದ ಹಾಗೆ ಅನ್ನಿಸುವುದು. ಗಂಡು ಸೊಳ್ಳೆ ರಕ್ತ ಹೀರುವುದಿಲ್ಲ, ಹೀರುವ ಹೆಣ್ಣು ಒಂಟಿಯಾಗಿ ಬಂದು ಕೂರುತ್ತದೆ. ಕೈ ಬೀಸುವ ಬದಲು ಮರದ ನೆರಳಿಗೋ ಗೋಡೆಯ ಪಕ್ಕಕ್ಕೋ ಸರಿಯಿರಿ, ಮೋಡ ಅಲ್ಲೇ ಉಳಿಯುತ್ತದೆ.

ಅಪಾಯ ಇರುವುದು ಬೈಕಿನಲ್ಲಿ ಹೋಗುವವರಿಗೆ. ಹಿಂಡು ಇರುವ ರಸ್ತೆಗೆ ಬರುವ ಮುಂಚೆಯೇ ಹೆಲ್ಮೆಟ್ಟಿನ ಗಾಜು ಇಳಿಸಿ, ವೇಗ ಕಮ್ಮಿ ಮಾಡಿ, ಬಾಯಿ ಮುಚ್ಚಿಕೊಳ್ಳಿ. ಕಣ್ಣಿಗೆ ಬಿದ್ದೇ ಬಿಟ್ಟಿತು ಅಂದರೆ ಥಟ್ಟನೆ ಬ್ರೇಕ್ ಹಾಕಬೇಡಿ, ಹಿಂದೆ ಬರುವವರಿಗೆ ಗೊತ್ತಾಗುವುದಿಲ್ಲ. ಇನ್ನೊಂದು ಕಣ್ಣು ತೆರೆದಿಟ್ಟು, ನಿಧಾನ ಮಾಡಿ, ಪಕ್ಕಕ್ಕೆ ನಿಲ್ಲಿಸಿ. ಉಜ್ಜಬೇಡಿ. ಕಣ್ಣಿಗೆ ಶುದ್ಧ ನೀರು ಹರಿಸುತ್ತ ರೆಪ್ಪೆ ಬಡಿಯಿರಿ, ಬಹಳಷ್ಟು ಸಲ ಅಷ್ಟಕ್ಕೇ ಬರುತ್ತದೆ. ತೊಳೆದ ಮೇಲೂ ಚುಚ್ಚುತ್ತಿದ್ದರೆ, ಮಸುಕಾದರೆ, ಕಣ್ಣಿನ ಡಾಕ್ಟರ ಹತ್ತಿರ ಹೋಗಿ.

ಕಿವಿಗೆ ಹೊಕ್ಕರೆ ಕಡ್ಡಿ, ಪಿನ್ನು ಹಾಕಲೇಬೇಡಿ. ಒಳಗೆ ಜೀವಂತ ಒದ್ದಾಡುತ್ತಿದ್ದರೆ ಆ ಕಿವಿ ಮೇಲೆ ಮಾಡಿ ಮಲಗಿಸಿ ಉಗುರುಬೆಚ್ಚಗಿನ ಎಣ್ಣೆ ನಾಲ್ಕೈದು ಹನಿ ಬಿಡಿ, ಹುಳು ಸತ್ತು ಒದ್ದಾಟ ನಿಲ್ಲುತ್ತದೆ. ಕಿವಿ ಸೋರುವವರಿಗೆ, ತಮಟೆ ತೂತಾದವರಿಗೆ ಎಣ್ಣೆ ಬೇಡ. ತೆಗೆಯುವ ಕೆಲಸ ಡಾಕ್ಟರಿಗೆ ಬಿಡಿ.

ಜೇನು: ಇಲ್ಲಿ ನಿಧಾನವಾಗಿ ಓದಿ

ಜೇನಿನಲ್ಲಿ ಎರಡು ಸಂದರ್ಭ ಇವೆ, ಎರಡೂ ಬೇರೆ ಬೇರೆ.

ಒಂದು, ಹಾದಿಯಲ್ಲಿ ತಂಗಿದ ಹಿಂಡು. ಗೂಡು ತುಂಬಿ ಪಾಲಾದಾಗ ಹಳೆಯ ರಾಣಿಯೊಂದಿಗೆ ಅರ್ಧದಷ್ಟು ಜೇನು ಹೊರಟು ಬಂದು ಕೊಂಬೆಗೆ ಗೊಂಚಲಾಗಿ ಕೂರುತ್ತವೆ. ಕೆಲವು ಹುಳುಗಳು ಹೊಸ ಜಾಗ ಹುಡುಕಲು ಹೋಗುತ್ತವೆ. ಸಿಕ್ಕಿತು ಅಂದರೆ ಇಡೀ ಗೊಂಚಲು ಎದ್ದು ಹೋಗುತ್ತದೆ. ಇವುಗಳ ಹೊಟ್ಟೆ ತುಂಬ ಜೇನುತುಪ್ಪ ಇರುತ್ತದೆ, ಕಾಯಲು ಮರಿಯೂ ಇಲ್ಲ ತುಪ್ಪದ ತಟ್ಟಿಯೂ ಇಲ್ಲ, ಹಾಗಾಗಿ ಕೆಣಕದಿದ್ದರೆ ಶಾಂತವಾಗಿರುತ್ತವೆ. ಕೆಲವು ಗಂಟೆಯಿಂದ ಒಂದೆರಡು ದಿನ. ಹೆಜ್ಜೇನು ಋತುವಿಗೆ ತಕ್ಕಂತೆ ಊರೂರು ದಾಟುವ ಜೇನು, ದಾರಿಯಲ್ಲಿ ಇನ್ನೂ ಕೆಲವು ದಿನ ತಂಗಬಹುದು. ಆ ದಾರಿಗೆ ಒಂದು ಹಗ್ಗ ಕಟ್ಟಿ, ಮಕ್ಕಳನ್ನೂ ನಾಯಿಯನ್ನೂ ಅತ್ತ ಬಿಡಬೇಡಿ, ಹುಲ್ಲು ಕತ್ತರಿಸುವ ಯಂತ್ರ, ಡ್ರಿಲ್ ನಿಲ್ಲಿಸಿ, ಬಿಟ್ಟುಬಿಡಿ.

ಇನ್ನೊಂದು, ಕಟ್ಟಿದ ಗೂಡು. ದೊಡ್ಡ ಮರ, ನೀರಿನ ಟ್ಯಾಂಕು, ಎತ್ತರದ ಕಟ್ಟಡದ ಸಜ್ಜಕ್ಕೆ ಹೆಜ್ಜೇನು ಒಂದೇ ದೊಡ್ಡ ತಟ್ಟಿ ಕಟ್ಟುತ್ತದೆ, ಅಗಲ ಒಂದು ಮೀಟರಿನವರೆಗೂ ಬೆಳೆಯುತ್ತದೆ. ಮರಿ ಇರುವ ಗೂಡನ್ನು ಅದು ಜೀವ ಕೊಟ್ಟು ಕಾಯುತ್ತದೆ. ದೂರದಿಂದ ನೋಡಿದರೆ ತಟ್ಟಿಯ ಮೇಲೆ ಆಗಾಗ ಮಿನುಗುವ ಅಲೆ ಹಾದುಹೋಗುವುದು ಕಾಣುತ್ತದೆ. ನೂರಾರು ಹುಳುಗಳು ಸಾಲಾಗಿ ಹೊಟ್ಟೆ ಮೇಲೆತ್ತಿ ಇಳಿಸುವುದು ಅದು. ಹತ್ತಿರ ಬಂದ ಕಣಜವನ್ನು ಓಡಿಸಲು ಹೀಗೆ ಮಾಡುತ್ತವೆ. ಅಲೆ ಮೇಲಿಂದ ಮೇಲೆ ಎದ್ದರೆ ಗೂಡಿನ ಹತ್ತಿರ ಇರಬೇಡಿ.

ಗೂಡಿಗೆ ಕಲ್ಲು ಬೇಡ, ಬೆಂಕಿ ಬೇಡ, ರಾತ್ರಿ ಪಂಜು ಹಿಡಿಯುವುದೂ ಬೇಡ. ಕೆಳಗೆ ಕಸ ಸುಟ್ಟರೂ ಏಳುತ್ತವೆ. ಬೆಂಕಿ ಹಚ್ಚಿದವರು ಓಡಿ ಬಾಗಿಲು ಹಾಕಿಕೊಳ್ಳುತ್ತಾರೆ, ಕಡಿಸಿಕೊಳ್ಳುವುದು ಏನೂ ಗೊತ್ತಿಲ್ಲದೆ ರಸ್ತೆಯಲ್ಲಿ ಬರುತ್ತಿದ್ದ ಶಾಲೆಯ ಮಕ್ಕಳು, ವಯಸ್ಸಾದವರು. ಇದು ನನಗೆ ಬಹಳ ಸಂಕಟ ಕೊಡುವ ವಿಷಯ. ಗೂಡು ತೆಗೆಯಲೇಬೇಕಾದರೆ ಜೇನು ಸಾಕುವವರನ್ನೋ ಅಗ್ನಿಶಾಮಕದವರನ್ನೋ ಕೇಳಿ.

ಜೇನು ಎದ್ದು ಬಂದರೆ

ಓಡಿ. ನಿಂತು ಕೈ ಬೀಸಬೇಡಿ, ನೆಲಕ್ಕೆ ಬಿದ್ದು ಹೊರಳಬೇಡಿ. ಒಂದು ಜೇನು ಚುಚ್ಚಿದಾಗ ಮುಳ್ಳಿನ ಜೊತೆ ಒಂದು ವಾಸನೆ ಹೊರಡುತ್ತದೆ. ಬಾಳೆಹಣ್ಣಿನ ಹಾಗಿರುವ ಆ ವಾಸನೆ ಉಳಿದ ಹುಳುಗಳಿಗೆ ಇಲ್ಲೇ ಚುಚ್ಚಿ ಅಂತ ಗುರುತು. ಹೊಡೆದು ಜಜ್ಜಿದರೆ ವಾಸನೆ ಇನ್ನೂ ಜಾಸ್ತಿ. ಅಂಗಿಯನ್ನೋ ಶಾಲನ್ನೋ ತಲೆ ಮುಖಕ್ಕೆ ಎಳೆದುಕೊಂಡು, ದಾರಿ ಕಾಣುವಷ್ಟು ಬಿಟ್ಟು, ನೇರವಾಗಿ ಹತ್ತಿರದ ಕಟ್ಟಡಕ್ಕೋ ಕಾರಿಗೋ ನುಗ್ಗಿ. ನಿಮ್ಮ ಜೊತೆ ಹತ್ತಾರು ಹುಳು ಒಳಗೆ ಬಂದರೂ ಚಿಂತೆ ಇಲ್ಲ, ಬಾಗಿಲು ಹಾಕಿ. ಒಳಗೆ ಬಂದವು ಸ್ವಲ್ಪ ಹೊತ್ತಿಗೆ ಕಿಟಕಿಯ ಬೆಳಕಿಗೆ ಹೋಗುತ್ತವೆ. ಕಟ್ಟಡ ಇಲ್ಲದಿದ್ದರೆ ಓಡುತ್ತಲೇ ಇರಿ, ಹೆಜ್ಜೇನು ನೂರಾರು ಮೀಟರ್ ಅಟ್ಟಿಸಿಕೊಂಡು ಬರುತ್ತದೆ. ಕೆರೆಗೆ, ಬಾವಿಗೆ ಹಾರಬೇಡಿ. ಉಸಿರಿಗೆ ತಲೆ ಎತ್ತಿದಾಗ ಅವು ಅಲ್ಲೇ ಇರುತ್ತವೆ, ಮುಳುಗಿ ಸಾಯುವ ಅಪಾಯ ಬೇರೆ. ಜನ ಗುಂಪಾಗಿ ನಿಂತಿರುವ ಕಡೆಗೂ ಓಡಬೇಡಿ.

ಬಿದ್ದವರನ್ನು ಕಾಪಾಡಲು ಹೋಗುವುದಾದರೆ ದಪ್ಪ ಕಂಬಳಿ ಎರಡು ಬೇಕು, ಒಂದು ನಿಮಗೆ, ಒಂದು ಅವರಿಗೆ. ವಾಹನವನ್ನು ಅವರ ಪಕ್ಕಕ್ಕೇ ತಂದು ನಿಲ್ಲಿಸಿದರೆ ಇನ್ನೂ ಒಳ್ಳೆಯದು. ಕಟ್ಟಿಹಾಕಿದ ದನ, ನಾಯಿಗಳು ಓಡಲಾರವು. ಗೂಡಿನ ಹತ್ತಿರ ಪ್ರಾಣಿಗಳನ್ನು ಕಟ್ಟದಿರುವುದೇ ಅವಕ್ಕೆ ಮಾಡಬಹುದಾದ ದೊಡ್ಡ ಉಪಕಾರ.

ಚುಚ್ಚಿದ ಮೇಲೆ

ಸುರಕ್ಷಿತ ಜಾಗ ಸೇರಿದ ತಕ್ಷಣ ಮುಳ್ಳು ತೆಗೆಯಿರಿ. ಹತ್ತಿರದಿಂದ ನೋಡಿದರೆ ಮುಳ್ಳಿನ ತಲೆಯಲ್ಲಿ ಸಣ್ಣ ಬಿಳಿ ಚೀಲ ಕಾಣುತ್ತದೆ, ಹುಳು ಹೋದ ಮೇಲೂ ಅದು ವಿಷ ಒತ್ತುತ್ತಲೇ ಇರುತ್ತದೆ. ಉಗುರಿನಲ್ಲಿ ಕೆರೆದು ತೆಗೆಯಬೇಕೋ ಕಿತ್ತು ತೆಗೆಯಬೇಕೋ ಅಂತ ಯೋಚಿಸುತ್ತ ಕೂರಬೇಡಿ, ಬೇಗ ತೆಗೆಯುವುದೇ ಮುಖ್ಯ. ಕಣಜವಾದರೆ ಮುಳ್ಳು ಬಿಡುವುದಿಲ್ಲ, ಒಂದೇ ಹುಳು ಮತ್ತೆ ಮತ್ತೆ ಚುಚ್ಚುತ್ತದೆ. ಉಂಗುರ, ಬಳೆ ಕಳಚಿ, ಊದಿದ ಮೇಲೆ ಬರುವುದಿಲ್ಲ. ಸೋಪಿನಲ್ಲಿ ತೊಳೆದು, ಬಟ್ಟೆಯಲ್ಲಿ ಸುತ್ತಿದ ಐಸ್ ಇಡಿ. ನೋವು, ಊತ, ತುರಿಕೆ ಒಂದೆರಡು ದಿನ ಇರುತ್ತದೆ.

ಈ ಲಕ್ಷಣಗಳು ಕಂಡರೆ ಒಂದೇ ಮುಳ್ಳು ಚುಚ್ಚಿದ್ದರೂ ಆಂಬುಲೆನ್ಸ್ ಕರೆಯಿರಿ: ಉಸಿರಾಡಲು ಕಷ್ಟ, ಎದೆಯಲ್ಲಿ ಸೀಟಿಯಂಥ ಸದ್ದು, ತುಟಿ ನಾಲಿಗೆ ಊದುವುದು, ಗಂಟಲು ಕಟ್ಟಿ ಧ್ವನಿ ಬದಲಾಗುವುದು, ಮೈಯೆಲ್ಲ ದದ್ದು, ವಾಂತಿ, ತಲೆಸುತ್ತು. ಇದು ಜೀವ ತೆಗೆಯುವ ಅಲರ್ಜಿ, ಇದಕ್ಕೆ ಮದ್ದು ಅಡ್ರಿನಲಿನ್ ಇಂಜೆಕ್ಷನ್. ಮೊದಲೇ ಅಲರ್ಜಿ ಇದ್ದು ಡಾಕ್ಟರ್ ಆ ಇಂಜೆಕ್ಷನ್ ಇರುವ ಪೆನ್ ಕೊಟ್ಟಿದ್ದರೆ ತೊಡೆಯ ಹೊರಬದಿಗೆ ಕೂಡಲೇ ಹಾಕಿ, ಕಾಯಬೇಡಿ. ಅವರನ್ನು ಮಲಗಿಸಿ, ಕಾಲು ಸ್ವಲ್ಪ ಎತ್ತರಕ್ಕಿಡಿ. ಉಸಿರು ಕಟ್ಟುತ್ತಿದ್ದರೆ ಒರಗಿಸಿ ಕೂರಿಸಿ. ಎಬ್ಬಿಸಿ ನಡೆಸಬೇಡಿ.

ಅಲರ್ಜಿ ಇಲ್ಲದಿದ್ದರೂ ಹತ್ತಾರು ಕಡೆ ಚುಚ್ಚಿದ್ದರೆ ಆಸ್ಪತ್ರೆಗೆ ಹೋಗಲೇಬೇಕು. ಮಕ್ಕಳು, ವಯಸ್ಸಾದವರಿಗೆ ಇನ್ನೂ ಕಮ್ಮಿ ಮುಳ್ಳೇ ಸಾಕು. ವಿಷ ಜಾಸ್ತಿ ಆದಾಗ ಸ್ನಾಯು ಕರಗಿ ಕಿಡ್ನಿಗೆ ಪೆಟ್ಟು ಬೀಳುತ್ತದೆ, ಅದು ಕಾಣುವುದು ಆಮೇಲೆ. ಬಾಯಿ, ಗಂಟಲೊಳಗೆ ಚುಚ್ಚಿದ್ದರೂ ಹೋಗಿ. ಮೂತ್ರದ ಬಣ್ಣ ಗಾಢವಾದರೆ, ಬರುವುದು ಕಮ್ಮಿಯಾದರೆ, ಆಗಲೇ ಮನೆಗೆ ಬಂದಿದ್ದರೂ ವಾಪಸ್ ಹೋಗಿ.

ಹೆದರಬೇಕಿಲ್ಲದವು

ಮಳೆಗಾಲದ ಆಸುಪಾಸಿನಲ್ಲಿ ಬಯಲಿನ ಮೇಲೆ ನೂರಾರು ಏರೋಪ್ಲೇನ್ ಚಿಟ್ಟೆಗಳು ಸುತ್ತುತ್ತವೆ. ಅವು ಹಿಡಿದು ತಿನ್ನುತ್ತಿರುವುದೇ ಸೊಳ್ಳೆ, ಗುಂಗುರುಗಳನ್ನು. ಅವುಗಳಲ್ಲಿ ಒಂದು ಜಾತಿ ಸಮುದ್ರವನ್ನೇ ದಾಟಿ ಖಂಡದಿಂದ ಖಂಡಕ್ಕೆ ಹೋಗುತ್ತದೆ. ಮಿಡತೆಯ ಹಿಂಡು ಬಂದರೂ ಅದು ಬೆಳೆಗೆ ಕೇಡು, ಮನುಷ್ಯರಿಗೆ ಕಚ್ಚುವುದಿಲ್ಲ. ಕಿಟಕಿ ಹಾಕಿ, ಗಾಡಿ ನಿಧಾನ ಓಡಿಸಿ, ಕೃಷಿ ಇಲಾಖೆಗೆ ತಿಳಿಸಿ.

ಮುಂದಿನ ಮಳೆಗೆ ಮುಂಚೆ

ಕಿಟಕಿಗೆ ಸಣ್ಣ ಕಣ್ಣಿನ ಜಾಲರಿ ಹಾಕಿಸಿ. ಹೊರಗಿನ ಬಲ್ಬಿಗೆ ಬೆಳಕು ನೆಲಕ್ಕೆ ಮಾತ್ರ ಬೀಳುವಂಥ ಮುಚ್ಚಳ ಇರಲಿ, ಬಲ್ಬ್ ಹಳದಿಯದೇ ಇರಲಿ. ಬಾಗಿಲ ಮೇಲಿನ ದೀಪವನ್ನು ಸಾಧ್ಯವಾದರೆ ನಾಲ್ಕು ಹೆಜ್ಜೆ ದೂರದ ಕಂಬಕ್ಕೆ ಬದಲಿಸಿ. ಗೋಡೆಗೆ ಒರಗಿಸಿಟ್ಟ ಹಳೆಯ ಮರ, ರಟ್ಟಿನ ಡಬ್ಬ ತೆಗೆಯಿರಿ. ನಿಂತ ನೀರು ಚೆಲ್ಲಿ.

ಹೆಜ್ಜೇನು ಹಿಂದೆ ಕಟ್ಟಿದ ಜಾಗಕ್ಕೇ ಮರಳಿ ಬರುವ ಜೇನು. ಅದು ಬಿಟ್ಟುಹೋದ ಮೇಲೆ ಉಳಿದ ಮೇಣ ಕೆರೆದು, ಸಜ್ಜಕ್ಕೆ ಬಲೆ ಕಟ್ಟಿಸಿ. ಹತ್ತಿರ ಗೂಡಿದ್ದರೆ ರಾತ್ರಿ ಅತ್ತ ಬೀಳುವ ದೀಪ ಆರಿಸಿ. ದೀಪಕ್ಕೆ ಬಂದು ಬಿದ್ದ ಜೇನು ಬೆಳಗ್ಗೆ ನೆಲದ ಮೇಲೆ ಇರುತ್ತವೆ, ಸತ್ತ ಜೇನಿನ ಮುಳ್ಳೂ ಚುಚ್ಚುತ್ತದೆ, ಬರಿಗಾಲಲ್ಲಿ ಹೋಗಬೇಡಿ. ಜೇನು ಸಾಕುವವರ ನಂಬರನ್ನೂ ಹತ್ತಿರದ ಆಸ್ಪತ್ರೆಯದನ್ನೂ ಇವತ್ತೇ ಫೋನಿನಲ್ಲಿ ಹಾಕಿಕೊಳ್ಳಿ, ಮನೆಯವರಿಗೂ ಕಳಿಸಿ.